ಮಂಗೇಶನ ಊರಿನಲ್ಲಿ ಪಂಜೆಯವರ ಸಿಗಡಿ

ಕೆಲವು ತಿಂಗಳ ಹಿಂದೆ ಗೋವೆಯ ವಾಸ್ಕೋದಲ್ಲಿರುವ ಅಣ್ಣನ ಮಗಳ ಮನೆಗೆ ಹೋಗಿದ್ದೆ. ಅವಳ ಐದು ವರ್ಷದ ಮಗ ರಾತ್ರಿ ಕಥೆ ಕೇಳದೆ ಕಣ್ಣು ಮುಚ್ಚುವವನಲ್ಲ. "ಇವನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ ಚಿಕ್ಕಪ್ಪ. ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಕೊಂಕಣಿ, ಹಿಂದಿ. ನಾವು ಮಾತಾಡಿದರೆ ಗೊತ್ತಾಗುತ್ತದೆ, ಅಷ್ಟೆ" ಎಂದಳು. ಅಷ್ಟಾದರೂ ಇದೆಯಲ್ಲ ಎಂದುಕೊಂಡು ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ?' ಕಥೆಯನ್ನು ತೊಡಗಿದೆ. ಮೊದಲ ಮಾತಿಗೇ ಹುಡುಗ ತಡೆದ: "ಅಜ್ಜ, ಸಿಗಡಿ ಅಂದರೆ ಏನು?" ಅಡುಗೆಮನೆಯಿಂದ ತಾಯಿ "ಸುಂಗಟ" ಎಂದು ಕೂಗಿ ಹೇಳಿದಳು. ಮುಂದೆ ನನಗೆ ತೊಡಕಾಗಲಿಲ್ಲ. ಒಣಹಾಕಿದ ಸಿಗಡಿ ಏಕೆ ಒಣಗಲಿಲ್ಲವೆಂದು ಕೇಳುತ್ತಾ ಹೋದಂತೆ ತಪ್ಪು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುವ ಕಥೆ ಅದು. ತಪ್ಪು ದಾಟಿದಷ್ಟೂ ಅವನ ನಗು ಏರಿತು. ನಿದ್ದೆ ಬರುವ ಬದಲು ಎದ್ದು ಕುಳಿತು, "ಇನ್ನೊಮ್ಮೆ" ಎಂದ.

ಮರುದಿನ ಮಂಗೇಶಿಗೆ ಹೋದೆವು. ಫೋಂಡಾ ತಾಲೂಕಿನ ಪ್ರಿಯೋಳದಲ್ಲಿರುವ ಈ ದೇವರು ಮೊದಲು ಇದ್ದುದು ಜುವಾರಿ ನದಿಯಾಚೆಯ ಕುಶಸ್ಥಳಿಯಲ್ಲಿ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ದೇವಾಲಯಗಳನ್ನು ಕೆಡವತೊಡಗಿದಾಗ ಭಕ್ತರು ದೇವರನ್ನು ಇಲ್ಲಿಗೆ ತಂದರು. ಎಷ್ಟೋ ಸಾರಸ್ವತ ಕುಟುಂಬಗಳು ಕಡಲ ದಂಡೆ ಹಿಡಿದು ನಮ್ಮ ಕಡೆಗೆ ಬಂದವು. ಆ ದೇವಾಲಯದ ಕೆರೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಹಿಂದಿನ ರಾತ್ರಿಯ ಕಥೆ ತನ್ನ ಮೂಲದೇವರ ಊರಿಗೇ ಬಂದು ಸೇರಿದೆ ಎನಿಸಿತು.

ಪಂಜೆ ಮಂಗೇಶರಾಯರ (1874–1937) ಹೆಸರಿನಲ್ಲಿ ಎರಡು ಊರುಗಳಿವೆ. ಪಂಜೆ ಎಂಬುದು ಸುಬ್ರಹ್ಮಣ್ಯದ ಬಳಿಯ ಪಂಜದಿಂದ ಬಂದುದು. ಮಂಗೇಶ ಗೋವೆಯ ದೇವರು. ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ಆದರೆ ಕನ್ನಡದ ಮಕ್ಕಳನ್ನು ನಗಿಸಿದವರಲ್ಲಿ ಅವರೇ ಮೊದಲಿಗರ ಸಾಲಿನವರು. ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ ಅವರು ಮಕ್ಕಳನ್ನು ಹತ್ತಿರದಿಂದ ಕಂಡವರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 'ಮೂರು ಕರಡಿಗಳು', 'ಇಲಿಗಳ ತಕಥೈ', 'ಮೆಣಸಿನಕಾಳಪ್ಪ' — ಇವುಗಳಲ್ಲಿ ಕೆಲವು ಕಥೆಗಳ ಬೀಜ ಪಶ್ಚಿಮದ್ದು. ಮೊಳೆತದ್ದು ಮಾತ್ರ ನಮ್ಮ ಅಂಗಳದಲ್ಲಿ. ನೀತಿಯನ್ನು ಮುಂದಿಟ್ಟು ಕಥೆಯನ್ನು ಹಿಂದಕ್ಕೆ ತಳ್ಳುವ ಕಾಲದಲ್ಲಿ ಅವರು ನಗುವಿಗೆ ಮುಂದಿನ ಮಣೆ ಹಾಕಿದರು.

ಇದರ ಬೆಲೆ ತಿಳಿಯಬೇಕಾದರೆ ಗೋವೆಯತ್ತಲೇ ನೋಡಬೇಕು. ಭಾರತದ ಮೊದಲ ಮುದ್ರಣಯಂತ್ರ ಬಂದಿಳಿದದ್ದು 1556ರಲ್ಲಿ, ಗೋವೆಯಲ್ಲಿ. 1622ರಲ್ಲಿ ತೋಮಸ್ ಸ್ಟೀಫನ್ಸರ ಕೊಂಕಣಿ ಪುಸ್ತಕ ಅಚ್ಚಾಯಿತು; ಅದು ಕ್ರೈಸ್ತ ಧರ್ಮಬೋಧೆಯ ಪ್ರಶ್ನೋತ್ತರ. 1684ರಲ್ಲಿ ಕೊಂಕಣಿಯನ್ನೇ ಬಿಡಬೇಕೆಂದು ಆಜ್ಞೆ ಹೊರಟಿತು. ಅಚ್ಚಿನ ಮನೆ ಮೊದಲು ತೆರೆದ ನಾಡಿನಲ್ಲೇ ಮಗುವಿನ ಮನೆಮಾತು ಪುಸ್ತಕದಿಂದ ಹೊರಗುಳಿಯಿತು. ಆದರೂ ಆ ಮಾತು ಸಾಯಲಿಲ್ಲ; ಅಜ್ಜಿಯಂದಿರ ಬಾಯಿಯಲ್ಲಿ, ಮಲಗುವ ಚಾಪೆಯ ಮೇಲೆ ಉಳಿದುಕೊಂಡಿತು. ಬಿಚೋಲಿಯಲ್ಲಿ ಹುಟ್ಟಿದ ಶೆಣೈ ಗೋಂಯಬಾಬ್ (1877–1946) ಅದನ್ನು ಮತ್ತೆ ಪುಸ್ತಕಕ್ಕೆ ತರಲು ಬಾಳನ್ನೇ ಸವೆಸಿದರು, ಮಕ್ಕಳಿಗಾಗಿಯೂ ಬರೆದರು. ಪಂಜೆಯವರಿಗಿಂತ ಮೂರೇ ವರ್ಷ ಚಿಕ್ಕವರು. ಮನೆಮಾತು ಇಬ್ಬರದೂ ಒಂದೇ. ಒಬ್ಬರು ಅದರಲ್ಲೇ ಬರೆದರು, ಇನ್ನೊಬ್ಬರು ಕನ್ನಡಕ್ಕೆ ಕೊಟ್ಟರು.

ಇನ್ನು ಚಿತ್ರದ ಮಾತು. ಗೋವೆಯ ಲೌಟೊಲಿಯ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡ (1926–2011) ಹುಡುಗನಾಗಿದ್ದಾಗ ಮನೆಯ ಗೋಡೆಯ ಮೇಲೆ ಗೀಚುತ್ತಿದ್ದರಂತೆ. ತಾಯಿ ಒಂದು ಖಾಲಿ ಪುಸ್ತಕ ತಂದು ಕೈಗಿತ್ತರು. ಅಲ್ಲಿಂದ ಬೆಳೆದ ಕೈ ಮಕ್ಕಳ ಪುಸ್ತಕಗಳಿಗೂ ಚಿತ್ರ ಬರೆಯಿತು. ಮಕ್ಕಳ ಚಿತ್ರಪುಸ್ತಕಗಳಿಗಾಗಿ 1957ರಲ್ಲಿ ದಿಲ್ಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದ ಶಂಕರ್ ಅವರೂ ವ್ಯಂಗ್ಯಚಿತ್ರಕಾರರೇ, ಕಾಯಂಕುಳದ ಮಲಯಾಳಿ. ನಗಿಸಬಲ್ಲ ಗೆರೆ ಮಗುವಿನ ಬಳಿಗೆ ಬೇಗ ಹೋಗುತ್ತದೆ. ಬಣ್ಣದ ಅಚ್ಚು ದುಬಾರಿ. ಅದಕ್ಕೇ ಚಿತ್ರಗಳನ್ನು ಹಾಗೆಯೇ ಇಟ್ಟು, ಅಕ್ಷರಗಳನ್ನು ಮಾತ್ರ ಬದಲಿಸಿ ಹಲವು ಭಾಷೆಗಳಲ್ಲಿ ತರುವ ಪದ್ಧತಿ ಬೆಳೆಯಿತು. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅದೇ ದಾರಿ ಹಿಡಿಯಿತು. 2015ರಿಂದ ಅವರ ಸ್ಟೋರಿವೀವರ್‌ನಲ್ಲಿ ಕನ್ನಡ, ಮಲಯಾಳ, ಕೊಂಕಣಿ ಕಥೆಗಳು ಉಚಿತವಾಗಿ ದೊರೆಯುತ್ತಿವೆ.

ಗಡಿನಾಡಿನ ತಂದೆತಾಯಿಯರಿಗೆ ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಾವು ಶಾಲೆ, ಕಚೇರಿ, ನಾಮಫಲಕಗಳಲ್ಲಿ ಕನ್ನಡಕ್ಕಾಗಿ ಹೋರಾಡುತ್ತಾ ಬಂದಿದ್ದೇವೆ. ಹೋರಾಡಲೇಬೇಕು. ಆದರೆ ರಾತ್ರಿ ಎಂಟೂವರೆ ಗಂಟೆಯ ಕನ್ನಡವನ್ನು ಯಾವ ಸರಕಾರವೂ ಕಸಿಯಲಾರದು, ಕೊಡಲಾರದು. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಮರಾಠಿ, ಮಲಯಾಳ. ಅದೇನೂ ಅಡ್ಡಿಯಲ್ಲವೆಂಬುದಕ್ಕೆ ಪಂಜೆಯವರೇ ಸಾಕ್ಷಿ. ಸಿಗಡಿಯೆಂದರೂ ಎಟ್ಟಿಯೆಂದರೂ ಚೆಮ್ಮೀನ್ ಎಂದರೂ ಸುಂಗಟವೆಂದರೂ ಒಣಗದ್ದು ಒಂದೇ ಸಿಗಡಿ.

ಒಂದು ಕೊರಗು ಮಾತ್ರ ಉಳಿಯಿತು. ಕಥೆ ಕಿವಿಗೆ ಮುಟ್ಟಿತು, ಅಕ್ಷರ ಮುಟ್ಟಲಿಲ್ಲ. ಬಾಯಿಮಾತು ಒಂದು ತಲೆಮಾರು ದಾಟೀತು. ಲಿಪಿಗೆ ಹಾಸಿಗೆಯ ಬಳಿ ಒಂದು ಪುಸ್ತಕ ಬೇಕು. ಊರಿಗೆ ಬಂದವನೇ ಮೂರು ಕನ್ನಡ ಚಿತ್ರಪುಸ್ತಕಗಳನ್ನು ವಾಸ್ಕೋಕ್ಕೆ ಅಂಚೆಯಲ್ಲಿ ಕಳಿಸಿದೆ. ಹುಡುಗ ಸದ್ಯ ಚಿತ್ರ ನೋಡಿ ತನಗೆ ತೋಚಿದ ಕಥೆ ಹೇಳುತ್ತಾನಂತೆ, ಅರ್ಧ ಕೊಂಕಣಿಯಲ್ಲಿ. "ತಪ್ಪು ಓದುತ್ತಾನೆ ಚಿಕ್ಕಪ್ಪ" ಎಂದು ಅವನ ತಾಯಿ ಫೋನಿನಲ್ಲಿ ನಕ್ಕಳು. ಓದಲಿ ಬಿಡು ಎಂದೆ.