ದಾವಣಗೆರೆ ಸೀಮೆಯ ಆಧಿಪತ್ರಗಳೂ ಋಣಪರಿಹಾರ ಶಾಸನಗಳೂ

ಹೊಲವನ್ನಾಗಲಿ ಮನೆಯನ್ನಾಗಲಿ ಆಧಿಯಾಗಿಟ್ಟು ಸಾಲವನ್ನು ತಂದಮೇಲೆ ಆ ಆಧಿಯ ಬೆಲೆಯೇ ಕುಸಿದುಹೋದರೆ ನಷ್ಟವನ್ನು ಹೊರತಕ್ಕವನು ಯಾವನು? ಈ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಹೊಸದಲ್ಲ. ಕಾಪಾಡಿಕೊಂಡು ಬಂದಿದ್ದರೂ ಆಧಿಯು ಸಾರಹೀನವಾದ ಪಕ್ಷದಲ್ಲಿ ಅಧಮರ್ಣನು ಬೇರೊಂದು ಆಧಿಯನ್ನಿಡಬೇಕು, ಇಲ್ಲವೆ ಧನಿಕನ ಹಣವನ್ನು ಸಲ್ಲಿಸಬೇಕು ಎಂಬುದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ವಿಧಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದು ಈ ಸ್ಮೃತಿಗೇ. ಬೆಲೆಯಿಳಿತದ ಭಾರವು ಹೀಗೆ ಸಾಲಗಾರನ ತಲೆಗೇ ಬಿದ್ದಿತು. ಆದರೆ ಅದೇ ಸ್ಮೃತಿಯು, ಫಲಭೋಗ್ಯವಾದ ಆಧಿಯು ಕಾಲಾತಿಕ್ರಮದಿಂದ ಒಡೆಯನ ಕೈತಪ್ಪದೆಂದೂ, ಇಮ್ಮಡಿಸಿದ ಋಣಕ್ಕೆ ಇಟ್ಟ ಆಧಿಯನ್ನು ಅದರ ಫಲದಿಂದಲೇ ಅಷ್ಟು ಧನವು ಸಂದಮೇಲೆ ಬಿಟ್ಟುಕೊಡತಕ್ಕದ್ದೆಂದೂ ವಿಧಿಸಿ ಧನಿಕನ ಕೈಯನ್ನೂ ಕಟ್ಟಿದ್ದಿತು. (ಮನೆಯನ್ನು ‘ಭೋಗ್ಯಕ್ಕೆ’ ಕೊಡುವುದೆಂಬ ಮಾತು ದಾವಣಗೆರೆಯ ಪೇಟೆಯಲ್ಲಿ ಇಂದಿಗೂ ಉಂಟು; ಆಡುವವರಿಗೆ ಅದರ ಕುಲಗೋತ್ರಗಳು ತಿಳಿದಿರಲಾರವು.)

ಹದಡಿಯೇ ಮೊದಲಾದ ದಾವಣಗೆರೆ ಸೀಮೆಯ ಗ್ರಾಮಗಳು ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹರಿಹರದ ಬಳಿ ಹೊಳೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಅಮೆರಿಕದ ಅಂತರ್ಯುದ್ಧದಿಂದ ಏರಿದ್ದ ಹತ್ತಿಯ ಧಾರಣೆಯು ೧೮೬೫ರ ಮೇಲೆ ಬಿದ್ದುದರಿಂದ ಆ ಪ್ರಾಂತದ ರೈತರು ಸಾಲದಲ್ಲಿ ಮುಳುಗಿದರು. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಸಾಹುಕಾರರ ಪತ್ರಗಳನ್ನು ಸುಟ್ಟರು. ಅದರ ಫಲವೇ ೧೮೭೯ರ ದಖ್ಖನ್ ರೈತಪರಿಹಾರ ಶಾಸನ. ಮೊದಲು ನಾಲ್ಕೇ ಜಿಲ್ಲೆಗಳಿಗಿದ್ದ ಅದು ಕ್ರಮೇಣ ಧಾರವಾಡದ ಕಡೆಗೂ ವ್ಯಾಪಿಸಿತು. ಹೊಳೆಯ ಈಚೆಯ ರೈತನಾದರೋ ೧೯೨೮ರವರೆಗೆ ಕಾಯಬೇಕಾಯಿತು.

ಆ ವರ್ಷದ ಮೈಸೂರು ರೈತಪರಿಹಾರ ಶಾಸನದ ತಿರುಳು ಒಂದೇ: ಪತ್ರದಲ್ಲಿ ಕ್ರಯವೆಂದು ಬರೆದಿದ್ದರೂ ನಿಜವಾಗಿ ಅದು ಆಧಿಯೇ ಎಂದು ರೈತನು ಸಾಧಿಸಬಹುದಾಯಿತು. ಅಕ್ಷರಕ್ಕಿಂತ ವ್ಯವಹಾರದ ಸತ್ಯವೇ ಪ್ರಮಾಣವಾದುದು ಸ್ಮೃತಿಕಾರರಿಗೂ ಸಮ್ಮತವಾಗುತ್ತಿತ್ತು. ೧೯೨೯ರಲ್ಲಿ, ಹಳೆಯ ಸಾಲಗಳನ್ನು ದೀರ್ಘಾವಧಿಯ ಸಾಲದಿಂದ ತೀರಿಸಿಕೊಳ್ಳಲೆಂದು, ಸಹಕಾರ ತತ್ತ್ವದ ಭೂ ಅಡಮಾನ ಬ್ಯಾಂಕು ಹುಟ್ಟಿತು.

ಅದೇ ವರ್ಷ ಲೋಕವನ್ನೆಲ್ಲ ಮುಗ್ಗಟ್ಟು ಕವಿಯಿತು. ಹತ್ತಿ, ಧಾನ್ಯಗಳ ಧಾರಣೆ ಇಳಿಯಿತು. ಬೆನ್ನಿಗೇ ಹೊಲಗಳ ಕ್ರಯವೂ ಇಳಿಯಿತು. ಪತ್ರದಲ್ಲಿ ಬರೆದ ರೂಪಾಯಿ ಮಾತ್ರ ಇಳಿಯಲಿಲ್ಲ. ಬೆಲೆಯಿಳಿದ ಹೊಲಕ್ಕೆ ಬ್ಯಾಂಕಿನ ಸಾಲವೂ ಅಷ್ಟಕ್ಕಷ್ಟೆ. ಹಳೆಯ ಋಣವಾದರೋ ಏರಿದ ಕಾಲದ್ದು. ಮನೆಯ ಸ್ಥಿತಿ ಇನ್ನೂ ವಿಚಿತ್ರ. ಬ್ರಿಟಿಷ್ ಇಂಡಿಯಾದ ೧೯೦೮ರ ಸಿವಿಲ್ ವ್ಯವಹಾರಸಂಹಿತೆಯು ರೈತನ ವಾಸದ ಮನೆಯನ್ನು ಜಪ್ತಿಯಿಂದ ತಪ್ಪಿಸಿದ್ದಿತು. ಆದರೆ ಮನೆಯನ್ನೇ ಆಧಿಯಾಗಿ ಬರೆದುಕೊಟ್ಟವನಿಗೆ ಆ ರಕ್ಷೆಯು ಸಲ್ಲುತ್ತಿರಲಿಲ್ಲ. ಕಷ್ಟ ಹೆಚ್ಚಿದವನೇ ಮನೆಯನ್ನು ಬರೆದುಕೊಡುವನಷ್ಟೆ!

ಅಮೆರಿಕದ ಮಿನೆಸೋಟ ಸಂಸ್ಥಾನವು ೧೯೩೩ರಲ್ಲಿ ಆಧಿಬಿಡಿಸುವ ಗಡುವನ್ನು ಶಾಸನದಿಂದ ಮುಂದೂಡಿತು. ಮರುವರ್ಷ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೈಸೂರಿನ ೧೯೩೭ರ ಋಣಸಂಧಾನ ಶಾಸನವು ಹಿಡಿದ ದಾರಿ ಬೇರೆ: ಉಭಯರನ್ನೂ ಮಂಡಲಿಯ ಮುಂದೆ ಕೂರಿಸಿ ಒಪ್ಪಂದ ಮಾಡಿಸುವುದು. ನಷ್ಟದಲ್ಲಿ ಉತ್ತಮರ್ಣನಿಗೂ ಪಾಲುಂಟೆಂಬ ಭಾವವು ಸ್ಮೃತಿಯ ವಿಧಿಗಿಂತ ಮುಂದೆ ಹೋದುದೇ ಸರಿ. ಆದರೂ ಗಟ್ಟಿಯಾದ ಆಧಿಯನ್ನು ಕೈಯಲ್ಲಿ ಹಿಡಿದವನು ಸಂಧಾನಕ್ಕೆ ಬರುವ ಅವಸರವೇನು? ಸಣ್ಣ ರೈತರು, ಭೂಹೀನ ಕೂಲಿಕಾರರು, ದುರ್ಬಲವರ್ಗದವರು ಇವರ ಖಾಸಗಿ ಸಾಲವನ್ನೇ ಅಳಿಸಿದ ಶಾಸನವು ಬಂದುದು ೧೯೭೬ರಲ್ಲಿ, ದೇವರಾಜ ಅರಸರ ಆಡಳಿತದಲ್ಲಿ; ಬ್ಯಾಂಕು, ಸಹಕಾರ ಸಂಘಗಳ ಸಾಲಕ್ಕೆ ಅದು ಅನ್ವಯಿಸಲಿಲ್ಲ.

ಅಷ್ಟರೊಳಗೆ ಭದ್ರಾ ನಾಲೆಯ ನೀರು ದಾವಣಗೆರೆ ಸೀಮೆಗೆ ಹರಿದು, ಒಣಹೊಲಗಳು ಗದ್ದೆಗಳಾಗಿ ಬೆಲೆಯೇರಿದ್ದವು. ಆ ಏರಿಕೆಯು ಸಂದುದು ಕ್ರಯಪತ್ರವು ಯಾರ ಹೆಸರಿನಲ್ಲಿದ್ದಿತೋ ಅವರಿಗೆ.