ಬೆಂಗಳೂರಿನ ನಗರೀಕರಣ

ಬೆಂಗಳೂರಿನ ನಗರೀಕರಣವು ಕರ್ನಾಟಕದ ರಾಜಧಾನಿಯಾದ ಬೆಂಗಳೂರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಜನಸಂಖ್ಯೆ, ವಿಸ್ತೀರ್ಣ ಮತ್ತು ಆರ್ಥಿಕ ಚಟುವಟಿಕೆಗಳಲ್ಲಿ ತ್ವರಿತವಾಗಿ ಬೆಳೆದ ಪ್ರಕ್ರಿಯೆಯನ್ನು ಸೂಚಿಸುತ್ತದೆ. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 2011ರ ವೇಳೆಗೆ ಸುಮಾರು 85 ಲಕ್ಷಕ್ಕೆ ಏರಿತು. ಅಭಿವೃದ್ಧಿಶೀಲ ರಾಷ್ಟ್ರಗಳ ಅನೇಕ ನಗರಗಳಂತೆ ಇಲ್ಲಿಯೂ ಕೈಗಾರಿಕೆ, ಉದ್ಯೋಗ ಮತ್ತು ಬಡಾವಣೆಗಳು ಮೊದಲು ಬೆಳೆದವು; ಕುಡಿಯುವ ನೀರು, ಒಳಚರಂಡಿ, ಸಾರಿಗೆ ಮತ್ತು ಆಡಳಿತ ವ್ಯವಸ್ಥೆಗಳು ತಡವಾಗಿ ಅವನ್ನು ಹಿಂಬಾಲಿಸಿದವು. ನಗರದ ಪ್ರಮುಖ ಸಮಸ್ಯೆಗಳಲ್ಲಿ ಹಲವು ಈ ಅಂತರದಿಂದ ಹುಟ್ಟಿದವುಗಳಾಗಿವೆ.

ಹಿನ್ನೆಲೆ

ವಿಶ್ವಸಂಸ್ಥೆಯ 2018ರ ಅಂದಾಜಿನಂತೆ ಜಗತ್ತಿನ ಜನಸಂಖ್ಯೆಯ ಶೇ. 55ರಷ್ಟು ಭಾಗ ನಗರವಾಸಿಯಾಗಿದ್ದು, 2050ರ ವೇಳೆಗೆ ಈ ಪ್ರಮಾಣ ಶೇ. 68ಕ್ಕೆ ಏರುವ ನಿರೀಕ್ಷೆಯಿದೆ. ಈ ಹೆಚ್ಚಳದ ಸುಮಾರು ಶೇ. 90ರಷ್ಟು ಏಷ್ಯಾ ಮತ್ತು ಆಫ್ರಿಕಾ ಖಂಡಗಳಲ್ಲೇ ಆಗಲಿದೆ. 2011ರ ಜನಗಣತಿಯ ಪ್ರಕಾರ ಭಾರತದ ನಗರ ಜನಸಂಖ್ಯೆ ಶೇ. 31.16 ಹಾಗೂ ಕರ್ನಾಟಕದ್ದು ಶೇ. 38.67. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2001ರಿಂದ 2011ರ ಅವಧಿಯಲ್ಲಿ ಶೇ. 47ರಷ್ಟು ಹೆಚ್ಚಿ, ಜನಸಾಂದ್ರತೆಯು ಪ್ರತಿ ಚದರ ಕಿಲೋಮೀಟರಿಗೆ 4,381ಕ್ಕೆ ತಲುಪಿತು.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ದೊಡ್ಡ ನದಿ ಯಾವುದೂ ನಗರದ ಮೂಲಕ ಹರಿಯುವುದಿಲ್ಲ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಮುಂದೆ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಈ ಕಾರಣದಿಂದ ಹಿಂದಿನವರು ಕೆರೆಗಳ ಸರಣಿಯನ್ನು ನಿರ್ಮಿಸಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚುವರಿ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗುತ್ತಿತ್ತು.

ಬೆಳವಣಿಗೆಯ ಇತಿಹಾಸ

1898ರಲ್ಲಿ ಕಾಣಿಸಿಕೊಂಡ ಪ್ಲೇಗ್ ಪಿಡುಗಿನ ಸಂದರ್ಭದಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರು ಹೊರಬಂದು ನೆಲೆಸಲು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. 1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳ ಪುರಸಭೆಗಳನ್ನು ಒಂದುಗೂಡಿಸಿ ಬೆಂಗಳೂರು ನಗರಪಾಲಿಕೆಯನ್ನು ರಚಿಸಲಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (1940), ಐಟಿಐ (1948), ಎಚ್‌ಎಂಟಿ (1953) ಮತ್ತು ಬಿಇಎಲ್ (1954) ಮೊದಲಾದ ಕಾರ್ಖಾನೆಗಳು ಸ್ಥಾಪನೆಯಾದವು. ಇವುಗಳಲ್ಲಿ ಹಲವು ತಮ್ಮ ನೌಕರರಿಗಾಗಿ ವಸತಿ ಬಡಾವಣೆ, ಶಾಲೆ ಮತ್ತು ಆಸ್ಪತ್ರೆಗಳನ್ನೂ ಕಟ್ಟಿಸಿದವು. 1971ರಿಂದ 1981ರ ದಶಕದಲ್ಲಿ ಜನಸಂಖ್ಯೆ ಸುಮಾರು 16.5 ಲಕ್ಷದಿಂದ 29 ಲಕ್ಷಕ್ಕೆ ಏರಿತು. ಬಡಾವಣೆಗಳ ಯೋಜನೆಗಾಗಿ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೇಂದ್ರವನ್ನು ಇಲ್ಲಿ ತೆರೆಯಿತು. 1991ರ ಆರ್ಥಿಕ ಉದಾರೀಕರಣದ ನಂತರ ಎಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡ್ ಮತ್ತು ಹೊರವರ್ತುಲ ರಸ್ತೆಯ ಉದ್ದಕ್ಕೂ ಮಾಹಿತಿ ತಂತ್ರಜ್ಞಾನ ಉದ್ಯಮ ಹಬ್ಬಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ, ಪಾಲಿಕೆಯ ವ್ಯಾಪ್ತಿ ಸುಮಾರು 226 ಚದರ ಕಿಲೋಮೀಟರಿನಿಂದ 700 ಚದರ ಕಿಲೋಮೀಟರಿಗೂ ಹೆಚ್ಚಾಯಿತು.

ಅವಕಾಶಗಳು

ನಗರದ ಬೆಳವಣಿಗೆ ಉದ್ಯೋಗಾವಕಾಶಗಳನ್ನು ವಿಸ್ತರಿಸಿದೆ. ಮಾಹಿತಿ ತಂತ್ರಜ್ಞಾನವು ಪ್ರಸಿದ್ಧವಾಗಿದ್ದರೂ ಪೀಣ್ಯದ ಸಣ್ಣ ಕೈಗಾರಿಕೆಗಳು, ಸಿದ್ಧ ಉಡುಪು ಕಾರ್ಖಾನೆಗಳು, ಕಟ್ಟಡ ನಿರ್ಮಾಣ, ಮನೆಗೆಲಸ ಹಾಗೂ ವಾಹನ ಚಾಲನೆ ಅಪಾರ ಸಂಖ್ಯೆಯ ಜನರಿಗೆ ಜೀವನಾಧಾರವಾಗಿವೆ. ಉತ್ತರ ಕರ್ನಾಟಕದ ಬರಪೀಡಿತ ಜಿಲ್ಲೆಗಳಿಂದ ಗುಳೆ ಬರುವ ಕುಟುಂಬಗಳು ಮುಖ್ಯವಾಗಿ ಕಟ್ಟಡ ಕೆಲಸವನ್ನು ಅವಲಂಬಿಸಿವೆ.

ಸಿದ್ಧ ಉಡುಪು ಉದ್ಯಮದ ಕಾರ್ಮಿಕರಲ್ಲಿ ಬಹುಪಾಲು ಮಹಿಳೆಯರು. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯನ್ನು ಹಿಂಪಡೆಯುವುದರ ಮೇಲೆ ಕೇಂದ್ರ ಸರ್ಕಾರ ವಿಧಿಸಿದ್ದ ಹೊಸ ನಿರ್ಬಂಧಗಳ ವಿರುದ್ಧ ಇವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಆ ನಿಯಮಗಳನ್ನು ಸರ್ಕಾರ ಹಿಂತೆಗೆದುಕೊಂಡಿತು. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ ದೊರೆತಿದ್ದು, ಕಡಿಮೆ ವೇತನದ ಮಹಿಳೆಯರಿಗೆ ದೂರದ ಕೆಲಸದ ಸ್ಥಳಕ್ಕೆ ಹೋಗಿಬರುವ ಖರ್ಚು ಉಳಿಯುತ್ತದೆ.

ಜನರು ಒಂದೆಡೆ ಸಾಂದ್ರವಾಗಿ ನೆಲೆಸುವುದರಿಂದ ಆಸ್ಪತ್ರೆ, ಶಿಕ್ಷಣ ಮತ್ತು ಸಾಮೂಹಿಕ ಸಾರಿಗೆಯನ್ನು ಕಡಿಮೆ ತಲಾ ವೆಚ್ಚದಲ್ಲಿ ಒದಗಿಸಲು ಸಾಧ್ಯವಾಗುತ್ತದೆ. ಆದರೆ ಯೋಜನೆ ಮುಂಚಿತವಾಗಿ ನಡೆದಾಗ ಮಾತ್ರ ಈ ಲಾಭ ಪೂರ್ಣವಾಗಿ ದಕ್ಕುತ್ತದೆ.

ಸವಾಲುಗಳು

ಕುಡಿಯುವ ನೀರು

ನಗರಕ್ಕೆ ಹೆಸರಘಟ್ಟದಿಂದ 1890ರ ದಶಕದಲ್ಲಿ ಹಾಗೂ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ 1933ರಲ್ಲಿ ನೀರು ಪೂರೈಕೆ ಆರಂಭವಾಯಿತು. ಇವೆರಡೂ ಅರ್ಕಾವತಿ ನದಿಯ ಜಲಾಶಯಗಳು. ಬೆಳೆಯುತ್ತಿದ್ದ ಬೇಡಿಕೆಗೆ ಇವು ಸಾಲದೆ 1974ರಲ್ಲಿ ಕಾವೇರಿ ಮೊದಲ ಹಂತದ ಯೋಜನೆ ಕಾರ್ಯಾರಂಭ ಮಾಡಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಬೇಕಾಗಿರುವುದರಿಂದ ವಿದ್ಯುತ್ ವೆಚ್ಚ ಬಹಳ ಹೆಚ್ಚು.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಒದಗಿಸುವ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಲೋಕಾರ್ಪಣೆಯಾಯಿತು. ಇದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ನಡುವಿನ ಹದಿನೇಳು ವರ್ಷಗಳಲ್ಲಿ ಈ ಪ್ರದೇಶಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಮತ್ತು ಕಚೇರಿ ಸಂಕೀರ್ಣಗಳು ತಲೆ ಎತ್ತಿದರೂ ನಿವಾಸಿಗಳು ಬಹುಮಟ್ಟಿಗೆ ಕೊಳವೆಬಾವಿ ಮತ್ತು ಖಾಸಗಿ ಟ್ಯಾಂಕರ್‌ಗಳನ್ನೇ ನೆಚ್ಚಿಕೊಂಡಿದ್ದರು. 2023ರ ಮುಂಗಾರು ವೈಫಲ್ಯದ ನಂತರ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ನೀರಿನ ದರಕ್ಕೆ ಆಡಳಿತವು ಮಿತಿ ನಿಗದಿಪಡಿಸಬೇಕಾಯಿತು. ನಲ್ಲಿ ಸಂಪರ್ಕ ಹೊಂದಿದವರು ರಿಯಾಯಿತಿ ದರದಲ್ಲಿ ನೀರು ಪಡೆಯುವಾಗ, ಸಂಪರ್ಕವಿಲ್ಲದ ಬಡ ಕುಟುಂಬಗಳು ಅದೇ ಪ್ರಮಾಣದ ನೀರಿಗೆ ಅದಕ್ಕಿಂತ ಅನೇಕ ಪಟ್ಟು ತೆರುವುದು ಇಂತಹ ನಗರಗಳ ಸಾಮಾನ್ಯ ಲಕ್ಷಣವಾಗಿದೆ.

ಕಾವೇರಿ ನೀರು ಅಂತರರಾಜ್ಯ ವಿವಾದಕ್ಕೆ ಒಳಪಟ್ಟಿರುವುದರಿಂದ ಪೂರೈಕೆಯನ್ನು ಮಿತಿಯಿಲ್ಲದೆ ಹೆಚ್ಚಿಸಲಾಗದು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ನೀಡಿದ 14.75 ಟಿಎಂಸಿ ಅಡಿ ನೀರಿನಲ್ಲಿ 4.75 ಟಿಎಂಸಿ ಅಡಿಯನ್ನು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕೆ ಪರಿಗಣಿಸಿತು.

ಕೆರೆಗಳು ಮತ್ತು ಪ್ರವಾಹ

ನಗರ ವಿಸ್ತರಿಸಿದಂತೆ ಅನೇಕ ಕೆರೆಗಳು ಬೇರೆ ಬಳಕೆಗೆ ಒಳಗಾದವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ನಿರ್ಮಾಣವಾದವು. ಉಳಿದ ಕೆರೆಗಳಲ್ಲಿ ಹಲವಕ್ಕೆ ಸಂಸ್ಕರಿಸದ ಕೊಳಚೆ ಸೇರಿತು. ಬೆಳ್ಳಂದೂರು ಕೆರೆಯಲ್ಲಿ 2015ರ ನಂತರ ನೊರೆ ಉಕ್ಕಿ ರಸ್ತೆಗೆ ಹರಡಿದ ಮತ್ತು ಬೆಂಕಿ ಹೊತ್ತಿಕೊಂಡ ಘಟನೆಗಳು ಪದೇ ಪದೇ ವರದಿಯಾದವು.

ಒತ್ತುವರಿಯಿಂದ ರಾಜಕಾಲುವೆಗಳು ಕಿರಿದಾಗಿರುವುದರಿಂದ ಭಾರಿ ಮಳೆಯಾದಾಗ ತಗ್ಗು ಪ್ರದೇಶಗಳು ಜಲಾವೃತವಾಗುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮತ್ತು ಮಹದೇವಪುರ ಭಾಗದ ಐಷಾರಾಮಿ ಬಡಾವಣೆಗಳೂ ಕಾರ್ಮಿಕರ ಶೆಡ್‌ಗಳೂ ಒಂದೇ ಬಾರಿಗೆ ಮುಳುಗಿದವು. ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಲಾಯಿತು.

ತ್ಯಾಜ್ಯ ನಿರ್ವಹಣೆ

ನಗರದ ಕಸವನ್ನು ದೀರ್ಘಕಾಲ ಹೊರವಲಯದ ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಬಳಿ ಸುರಿಯಲಾಗುತ್ತಿತ್ತು. ಗ್ರಾಮಸ್ಥರ ವಿರೋಧದಿಂದ ಮಾವಳ್ಳಿಪುರದ ಘಟಕ 2012ರಲ್ಲಿ ಸ್ಥಗಿತಗೊಂಡಾಗ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು. 2014ರಲ್ಲಿ ಮಂಡೂರಿನಲ್ಲಿಯೂ ಹೋರಾಟ ನಡೆದು ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಇದರಿಂದಾಗಿ ಹಸಿ ಕಸ ಮತ್ತು ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸುವ ನಿಯಮಕ್ಕೆ ಹಾಗೂ ವಾರ್ಡ್ ಮಟ್ಟದ ಒಣ ಕಸ ಸಂಗ್ರಹ ಕೇಂದ್ರಗಳಿಗೆ ಒತ್ತು ದೊರೆಯಿತು.

ವಸತಿ ಮತ್ತು ಭೂಮಿ

ಅಭಿವೃದ್ಧಿ ಪ್ರಾಧಿಕಾರ ಹಂಚುವ ನಿವೇಶನಗಳು ಬೇಡಿಕೆಗೆ ಸಾಲದ ಕಾರಣ, ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ವಿಂಗಡಿಸಿದ ‘ರೆವಿನ್ಯೂ ನಿವೇಶನ’ಗಳನ್ನು ಮಧ್ಯಮ ಹಾಗೂ ಕೆಳಮಧ್ಯಮ ವರ್ಗದವರು ಖರೀದಿಸಿದರು. ಇಂತಹ ಅನೇಕ ಸ್ವತ್ತುಗಳಿಗೆ ‘ಬಿ ಖಾತಾ’ ಮಾತ್ರ ದೊರೆಯಿತು. ಇದರಿಂದ ತೆರಿಗೆ ಕಟ್ಟುವ ಹೊಣೆ ಬಂದರೂ ಕಟ್ಟಡ ನಕ್ಷೆಗೆ ಮಂಜೂರಾತಿ ಮತ್ತು ಬ್ಯಾಂಕ್ ಸಾಲ ಪಡೆಯುವುದು ಕಷ್ಟವಾಯಿತು. ದಂಡ ವಿಧಿಸಿ ಸಕ್ರಮಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು.

ಪರಿಹಾರ ಕ್ರಮಗಳು

2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. 2018ರಲ್ಲಿ ಆರಂಭವಾದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯು ನಗರದ ಸಂಸ್ಕರಿತ ತ್ಯಾಜ್ಯನೀರನ್ನು ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತದೆ. ಇದರಿಂದ ಅಂತರ್ಜಲ ಏರಿದೆಯಾದರೂ, ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಕೆರೆ ಸೇರುವುದಕ್ಕೆ ಆ ಭಾಗದ ರೈತ ಸಂಘಟನೆಗಳು ಆಕ್ಷೇಪಿಸಿ ಮೂರನೇ ಹಂತದ ಶುದ್ಧೀಕರಣಕ್ಕೆ ಒತ್ತಾಯಿಸಿವೆ. ಸಾರಿಗೆ ಕ್ಷೇತ್ರದಲ್ಲಿ ‘ನಮ್ಮ ಮೆಟ್ರೋ’ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಸಂಚಾರ ಆರಂಭಿಸಿತು.

ಆಡಳಿತ

ಸಂವಿಧಾನದ 74ನೇ ತಿದ್ದುಪಡಿಯು (1992) ನಗರ ಸ್ಥಳೀಯ ಸಂಸ್ಥೆಗಳಿಗೆ ನಿಯತ ಚುನಾವಣೆ ಮತ್ತು ಅಧಿಕಾರ ವಿಕೇಂದ್ರೀಕರಣವನ್ನು ವಿಧಿಸುತ್ತದೆ. ಆದರೆ ಬೆಂಗಳೂರಿನಲ್ಲಿ ನೀರು, ವಿದ್ಯುತ್, ಬಸ್, ಮೆಟ್ರೋ ಮತ್ತು ಬಡಾವಣೆ ನಿರ್ಮಾಣ ರಾಜ್ಯ ಸರ್ಕಾರದ ಅಧೀನದ ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿವೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಅದನ್ನು ನಡೆಸಿದರು. ಹೀಗಾಗಿ 2022ರ ಪ್ರವಾಹ ಮತ್ತು 2024ರ ನೀರಿನ ಬವಣೆಯ ಸಮಯದಲ್ಲಿ ವಾರ್ಡ್‌ಗಳಿಗೆ ಚುನಾಯಿತ ಪಾಲಿಕೆ ಸದಸ್ಯರಿರಲಿಲ್ಲ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯನ್ವಯ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಬದಲಿಗೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಇವನ್ನೂ ನೋಡಿ

ಬೆಂಗಳೂರಿನ ಕೆರೆಗಳು
ಕಾವೇರಿ ನದಿ ನೀರಿನ ವಿವಾದ
ನಮ್ಮ ಮೆಟ್ರೋ