ಸಂಚಕಾರದಿಂದ ಕರಾರಿನವರೆಗೆ: ವ್ಯಾಪಾರ ಕಾನೂನಿನ ಮೂಲತತ್ತ್ವಗಳ ಚರಿತ್ರೆ

ವಾಣಿಜ್ಯ ಮತ್ತು ಕಾನೂನು ಪದವಿಯ ವಿದ್ಯಾರ್ಥಿಗಳು ವ್ಯಾಪಾರ ಕಾನೂನಿನ ಅಭ್ಯಾಸವನ್ನು ಸಾಮಾನ್ಯವಾಗಿ 1872ರ ಭಾರತೀಯ ಕರಾರು ಕಾಯಿದೆಯಿಂದ ಆರಂಭಿಸುತ್ತಾರೆ. ಪ್ರಸ್ತಾಪ, ಸ್ವೀಕೃತಿ, ಪ್ರತಿಫಲ, ಮುಕ್ತ ಸಮ್ಮತಿ, ಸಾಮರ್ಥ್ಯ ಎಂಬ ಪರಿಭಾಷೆಗಳೆಲ್ಲ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವೆಂಬ ಭಾವನೆ ಪಠ್ಯಪುಸ್ತಕಗಳಿಂದ ಸಹಜವಾಗಿ ಮೂಡುತ್ತದೆ. ಕಾಯಿದೆಯ ಚೌಕಟ್ಟು ಇಂಗ್ಲಿಷ್ ನ್ಯಾಯಪದ್ಧತಿಯದೆಂಬುದು ನಿಜವಾದರೂ, ಆ ಚೌಕಟ್ಟು ಬಂದು ಕೂತ ನೆಲ ಬರಿದಾಗಿರಲಿಲ್ಲ. ಮಾತಿಗೆ ಕಟ್ಟುಬೀಳುವುದೆಂದರೇನು, ಮಾತು ಮುರಿದವನು ಏನು ತೆರಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಬಹಳ ಹಿಂದೆಯೇ ಉತ್ತರಗಳಿದ್ದವು, ಮತ್ತು ಅವುಗಳಲ್ಲಿ ಬಹು ಖಚಿತವಾದ ಕೆಲವು ಕನ್ನಡ ನಾಡಿನಲ್ಲಿಯೇ ಬರೆಯಲ್ಪಟ್ಟವು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಯ ಪ್ರಮಾಣಗ್ರಂಥವೆಂದೇ ಇದು ಪ್ರಸಿದ್ಧವಾದುದರಿಂದ, ಇದರ ವ್ಯವಹಾರಾಧ್ಯಾಯದಲ್ಲಿ, ಅಂದರೆ ವ್ಯಾಜ್ಯಗಳನ್ನು ಕುರಿತ ಭಾಗದಲ್ಲಿ, ಸಾಲ, ಠೇವಣಿ, ಮಾರಾಟ, ಪಾಲುದಾರಿಕೆ, ಕೂಲಿ ಮುಂತಾದವುಗಳ ವಿಸ್ತಾರವಾದ ಚರ್ಚೆಯಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕುಡಿದವನು, ಹುಚ್ಚನು, ರೋಗಪೀಡಿತನು, ಬಾಲಕ, ಹೆದರಿದವನು ಮಾಡಿಕೊಂಡ ವ್ಯವಹಾರ ಸಿದ್ಧಿಸುವುದಿಲ್ಲವೆಂದು ಸ್ಮೃತಿ ಹೇಳುತ್ತದೆ. 1872ರ ಕಾಯಿದೆಯ 11 ಮತ್ತು 12ನೆಯ ಕಲಮುಗಳು ವಯಸ್ಸು ಹಾಗೂ ಸ್ವಸ್ಥಚಿತ್ತವನ್ನೂ, 14ನೆಯ ಕಲಮು ಬಲಾತ್ಕಾರವಿಲ್ಲದ ಸಮ್ಮತಿಯನ್ನೂ ಕೇಳುವುದು ಇದೇ ಕಾಳಜಿಯಿಂದ. ಕೊಂಡ ವಸ್ತುವನ್ನು ಪರೀಕ್ಷಿಸಲು ಕೊಳ್ಳುವವನಿಗಿರುವ ಅವಧಿಯನ್ನೂ ಸ್ಮೃತಿ ವಸ್ತುವಿನ ಗುಣಕ್ಕನುಸಾರವಾಗಿ ಗೊತ್ತುಮಾಡುತ್ತದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ಹೇರು ಹೊರುವ ಪಶುವಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ಬೀಜಕ್ಕೆ ಹತ್ತು ದಿನ ಬೇಕೆಂಬುದು ಬಿತ್ತಿ ಮೊಳಕೆ ನೋಡಿದ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಹತ್ತಿರದಿಂದ ನೋಡಬೇಕಾದದ್ದು ಸತ್ಯಂಕಾರ. ಆಡಿದ ಮಾತನ್ನು ಸತ್ಯವಾಗಿಸಲು ಕೊಡುವ ವಸ್ತು ಎಂಬುದು ಈ ಪದದ ಅರ್ಥ. ಕನ್ನಡದ ಸಂಚಕಾರ ಇದರ ತದ್ಭವ. ಕ್ರಯವಿಕ್ರಯದ ಮಾತು ಗಟ್ಟಿಯಾಗಲೆಂದು ಒಬ್ಬನು ತನ್ನ ಉಂಗುರವನ್ನೋ ಅಂಥ ಬೇರೊಂದು ವಸ್ತುವನ್ನೋ ಇನ್ನೊಬ್ಬನ ಕೈಯಲ್ಲಿಡುತ್ತಾನೆ. ಉಂಗುರ ಕೊಟ್ಟವನೇ ಮಾತು ತಪ್ಪಿದರೆ ಅದನ್ನು ಕಳೆದುಕೊಳ್ಳುತ್ತಾನೆ, ಪಡೆದವನು ತಪ್ಪಿದರೆ ಅದರ ಎರಡರಷ್ಟನ್ನು ಮರಳಿಸಬೇಕು ಎಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಇಲ್ಲಿ ನಷ್ಟದ ಲೆಕ್ಕ ಕೇಳುವವರಿಲ್ಲ. ತಪ್ಪಿದವನು ಯಾರೇ ಆಗಲಿ, ಒಂದು ಉಂಗುರದಷ್ಟು ದಂಡ ತೆರುತ್ತಾನೆ. ಜೀವಕ್ಕೆ ಸಂಚಕಾರ ಎಂಬ ಇಂದಿನ ನುಡಿಗಟ್ಟಿನಲ್ಲಿ ಕೇಳಿಬರುವುದು ಬಹುಶಃ ಕೈಬಿಟ್ಟುಹೋಗಬಹುದಾದ ವಸ್ತುವಿನ ಈ ಹಳೆಯ ಆತಂಕವೇ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕರಾರಿನ ಕಾನೂನು ಒಂದೇ ಆಗಿರಲಿಲ್ಲ. 1726ರ ರಾಜಸನ್ನದಿನಿಂದ ಮದ್ರಾಸ್, ಮುಂಬಯಿ, ಕಲ್ಕತ್ತಾ ನಗರಗಳಿಗೆ ಇಂಗ್ಲಿಷ್ ಕಾನೂನು ಬಂದಿತು. 1781ರ ಶಾಸನವು ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಹಿಂದೂಗಳ ಕರಾರಿಗೆ ಹಿಂದೂ ಧರ್ಮಶಾಸ್ತ್ರವೂ ಮುಸ್ಲಿಮರ ಕರಾರಿಗೆ ಅವರ ಧರ್ಮಶಾಸ್ತ್ರವೂ, ಪಕ್ಷಗಾರರು ಬೇರೆ ಬೇರೆ ಧರ್ಮದವರಾಗಿದ್ದರೆ ಪ್ರತಿವಾದಿಯ ಶಾಸ್ತ್ರವೂ ಅನ್ವಯಿಸಬೇಕೆಂದಿತು. ಈ ಮೂರು ನಗರಗಳ ಹೊರಗಿನ ಮೊಫಸ್ಸಿಲ್ ನ್ಯಾಯಾಲಯಗಳು, ನಿಶ್ಚಿತ ನಿಯಮವಿಲ್ಲದೆಡೆ ನ್ಯಾಯ, ಸಮತೆ ಮತ್ತು ಒಳ್ಳೆಯ ಅಂತಃಸಾಕ್ಷಿಗೆ ಒಪ್ಪುವಂತೆ ತೀರ್ಪು ಕೊಡುತ್ತಿದ್ದವು. ಬಡ್ಡಿಯ ಬಾಕಿ ಅಸಲನ್ನು ಮೀರಕೂಡದೆಂಬ ದಾಮದುಪ್ಪಟ್ ನಿಯಮವನ್ನೇ ತೆಗೆದುಕೊಂಡರೆ, ಅದು ಮುಂಬಯಿ ಪ್ರಾಂತ್ಯದಲ್ಲಿ ಜಾರಿಯಲ್ಲಿತ್ತು, ಮದ್ರಾಸ್ ಪ್ರಾಂತ್ಯದಲ್ಲಿ ಇರಲಿಲ್ಲ. ಆದ್ದರಿಂದ ಧಾರವಾಡದ ಹಿಂದೂ ಸಾಲಗಾರನಿಗೆ ದೊರೆತ ರಕ್ಷಣೆ ಬಳ್ಳಾರಿಯವನಿಗೆ ದೊರೆಯಲಿಲ್ಲ.

ಏಕರೂಪದ ಕಾನೂನಿನ ಕರಡನ್ನು 1861ರಲ್ಲಿ ನೇಮಕವಾದ ಮೂರನೆಯ ಕಾನೂನು ಆಯೋಗವು 1866ರಲ್ಲಿ ಸಿದ್ಧಪಡಿಸಿತು. ಬಂಗಾಳದ ನೀಲಿ ಬೆಳೆಗಾರರು 1859ರಲ್ಲಿ ದಂಗೆಯೆದ್ದ ನೆನಪು ಇನ್ನೂ ಹಸಿಯಾಗಿತ್ತು. ಮುಂಗಡ ಕೊಟ್ಟು ಬಡ ರೈತನಿಂದ ಬರೆಸಿಕೊಂಡ ಕರಾರನ್ನು ಎಷ್ಟು ಬಿಗಿಯಾಗಿ ಜಾರಿಗೊಳಿಸಬೇಕೆಂಬುದು ಆಗ ಕೇವಲ ಶಾಸ್ತ್ರಚರ್ಚೆಯಾಗಿರಲಿಲ್ಲ. ಲಂಡನ್ನಿನಲ್ಲಿದ್ದ ಆಯೋಗಕ್ಕೂ ಭಾರತ ಸರ್ಕಾರಕ್ಕೂ ಹೊಂದಾಣಿಕೆಯಾಗದೆ ಆಯೋಗವು 1870ರಲ್ಲಿ ರಾಜೀನಾಮೆ ಕೊಟ್ಟಿತು. ವೈಸರಾಯರ ಮಂಡಲಿಯ ಕಾನೂನು ಸದಸ್ಯ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್‌ನ ಕೈಯಲ್ಲಿ ಪರಿಷ್ಕೃತವಾದ ಮಸೂದೆ 1872ರ ಏಪ್ರಿಲ್ 25ರಂದು ಕಾಯಿದೆಯಾಗಿ, ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಮೂಲದಲ್ಲಿ 266 ಕಲಮುಗಳಿದ್ದು, ಸರಕು ಮಾರಾಟದ ಅಧ್ಯಾಯ 1930ರಲ್ಲಿ, ಪಾಲುದಾರಿಕೆಯ ಅಧ್ಯಾಯ 1932ರಲ್ಲಿ ಪ್ರತ್ಯೇಕ ಕಾಯಿದೆಗಳಾದವು.

ಈ ಕಾಯಿದೆ ಇಂಗ್ಲಿಷ್ ಕಾನೂನಿನ ಪಡಿಯಚ್ಚಲ್ಲವೆಂಬುದಕ್ಕೆ ಪ್ರತಿಫಲದ ವ್ಯಾಖ್ಯೆಯೇ ಸಾಕ್ಷಿ. ಪ್ರತಿಫಲವೆಂದರೆ ವಚನಕ್ಕೆ ಬದಲಾಗಿ ಸಲ್ಲುವ ಬೆಲೆ, ಅದು ಹಣವಾಗಿರಬಹುದು, ಕೆಲಸವಾಗಿರಬಹುದು, ಸುಮ್ಮನಿರುವುದೂ ಆಗಿರಬಹುದು. ಇಂಗ್ಲೆಂಡಿನಲ್ಲಿ ವಚನ ಪಡೆದವನೇ ಅದನ್ನು ಸಲ್ಲಿಸಿರಬೇಕು; ಭಾರತದಲ್ಲಿ ಅವನಾಗಲಿ ಬೇರೆ ಯಾರೇ ಆಗಲಿ ಸಲ್ಲಿಸಿದ್ದರೆ ಸಾಕು. ಮದ್ರಾಸ್ ಹೈಕೋರ್ಟಿನ ಚಿನ್ನಯ್ಯ ವಿರುದ್ಧ ರಾಮಯ್ಯ ಪ್ರಕರಣದಲ್ಲಿ ತಾಯಿಯೊಬ್ಬಳು ಮಗಳಿಗೆ ಆಸ್ತಿ ದಾನ ಕೊಡುವಾಗ, ತನ್ನ ಸೋದರನಿಗೆ ವರ್ಷಕ್ಕೆ 653 ರೂಪಾಯಿ ಕೊಡಬೇಕೆಂದು ವಿಧಿಸಿದಳು, ಮಗಳು ಹಾಗೆಯೇ ಕರಾರು ಬರೆದುಕೊಟ್ಟಳು. ಮುಂದೆ ಸೋದರಮಾವನಿಂದ ತನಗೇನೂ ಬಂದಿಲ್ಲವೆಂದು ಮಗಳ ಕಡೆಯಿಂದ ವಾದ ಬಂದಾಗ, ತಾಯಿ ಕೊಟ್ಟ ಆಸ್ತಿಯೇ ಸಾಕಷ್ಟು ಪ್ರತಿಫಲವೆಂದು ನ್ಯಾಯಾಲಯ ಹೇಳಿತು. ಕುಟುಂಬದೊಳಗೆ ಒಬ್ಬರು ಕೊಟ್ಟು ಇನ್ನೊಬ್ಬರ ಹೊಣೆಗೆ ಬಿಡುವ ಈ ನೆಲದ ರೂಢಿಗೆ ಇಂಗ್ಲಿಷ್ ನಿಯಮ ಸರಿಹೊಂದುತ್ತಿರಲಿಲ್ಲ.

ಸಾಮರ್ಥ್ಯದ ಪ್ರಶ್ನೆ 1903ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ತೀರ್ಮಾನವಾಯಿತು. ಕಲ್ಕತ್ತೆಯ ಅಪ್ರಾಪ್ತವಯಸ್ಕ ಧರ್ಮೋದಾಸ್ ಘೋಷ್ 20,000 ರೂಪಾಯಿ ಸಾಲಕ್ಕೆ ಮನೆಗಳನ್ನು ಅಡವಿಟ್ಟಿದ್ದನು, ಅವನ ವಯಸ್ಸಿನ ವಿಷಯ ಸಾಹುಕಾರನ ವಕೀಲನಿಗೆ ಮೊದಲೇ ತಿಳಿದಿತ್ತು. ಅಂಥ ಕರಾರು ಬೇಕಾದರೆ ರದ್ದುಪಡಿಸಬಹುದಾದದ್ದಲ್ಲ, ಹುಟ್ಟಿನಿಂದಲೇ ಶೂನ್ಯ ಎಂದು, ಮೊಹೋರಿ ಬೀಬಿ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯ ನಿರ್ಣಯಿಸಿತು. ಬಾಲಕನ ವ್ಯವಹಾರ ಸಿದ್ಧಿಸದೆಂಬ ಸ್ಮೃತಿವಾಕ್ಯದ ನಿಲುವಿಗೆ ಈ ತೀರ್ಪು ಬೇರೆ ದಾರಿಯಿಂದ ಬಂದು ಸೇರಿತು.

ಸಂಚಕಾರದ ಗತಿ ಮಾತ್ರ ಹೀಗಾಗಲಿಲ್ಲ. ಕರಾರು ಮುರಿದರೆ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಎಂಬುದು 73ನೆಯ ಕಲಮಿನ ತತ್ತ್ವ. ಕರಾರಿನಲ್ಲಿಯೇ ಮೊತ್ತ ನಮೂದಿಸಿದ್ದರೂ ಅದನ್ನು ಮೀರದಂತೆ ಯುಕ್ತವಾದಷ್ಟು ಮಾತ್ರ ಎಂಬುದು 74ನೆಯದರ ಮಿತಿ. 1963ರ ಫತೇಚಂದ್ ಪ್ರಕರಣದಲ್ಲಿ, 1,12,500 ರೂಪಾಯಿಗೆ ಬಂಗಲೆ ಮಾರಲು ಒಪ್ಪಿದವನು ಕೊಳ್ಳುವವನಿಂದ ಸಂಚಕಾರವಾಗಿ 1,000, ಆಮೇಲೆ 24,000 ರೂಪಾಯಿ ಪಡೆದಿದ್ದನು. ಸಂಚಕಾರದ 1,000ವನ್ನು ಇಟ್ಟುಕೊಳ್ಳಲು ಸುಪ್ರೀಂ ಕೋರ್ಟ್ ಒಪ್ಪಿತು, ಉಳಿದುದನ್ನು ದಂಡವಾಗಿ ಮುಟ್ಟುಗೋಲು ಹಾಕಿಕೊಳ್ಳಲು ಬಿಡಲಿಲ್ಲ.

ಹೀಗೆ ಕೊಟ್ಟವನು ತಪ್ಪಿದರೆ ಸಂಚಕಾರ ಕಳೆದುಕೊಳ್ಳುತ್ತಾನೆಂಬ ಅರ್ಧ ನಿಯಮ ಉಳಿದಿದೆ. ಪಡೆದವನು ತಪ್ಪಿದರೆ ಎರಡರಷ್ಟು ಕೊಡಬೇಕೆಂಬ ಇನ್ನರ್ಧ ಕಾಯಿದೆಯಲ್ಲಿಲ್ಲ. ಮುಂಗಡ ಪಡೆದ ಮಾರಾಟಗಾರನು ಹೆಚ್ಚಿನ ಬೆಲೆ ಕಂಡು ಮನಸ್ಸು ಬದಲಿಸಿದರೆ, ಕೊಳ್ಳುವವನು ಕರಾರನ್ನೇ ಜಾರಿಗೊಳಿಸುವಂತೆ ದಾವೆ ಹೂಡಬೇಕು, ಇಲ್ಲವೇ ಕೊಟ್ಟ ಹಣದ ಮೇಲೆ ತನಗಾದ ನಷ್ಟವನ್ನು ಸಾಕ್ಷ್ಯದಿಂದ ತೋರಿಸಬೇಕು. ಎರಡೂ ಕೈಗಳನ್ನು ಸಮನಾಗಿ ಕಟ್ಟಿದ್ದ ವಿಜ್ಞಾನೇಶ್ವರನ ಉಂಗುರ, ಈ ಒಂದು ವಿಷಯದಲ್ಲಿ, 1872ರ ಕಾಯಿದೆಗಿಂತ ನ್ಯಾಯವಾದುದು.